ಚಿಕ್ಕಪ್ಪನ ಜೀಪಿಗೆ ನಾಲ್ಕನೇ ಎಂಜಿನ್

ನಮ್ಮ ಚಿಕ್ಕಪ್ಪನ ಜೀಪಿಗೆ ಇಲ್ಲಿಯವರೆಗೆ ಮೂರು ಎಂಜಿನ್ ಆಗಿವೆ. ನಾಲ್ಕನೆಯದು ಯಾವುದು ಅನ್ನುವುದೇ ಈಗ ಮನೆಯಲ್ಲಿ ಚರ್ಚೆ. ಚಿಕ್ಕಮ್ಮನ ಪ್ರಕಾರ ಅದನ್ನು ಗುಜರಿಗೆ ಹಾಕಬೇಕು, ಆ ಜಾಗದಲ್ಲಿ ಸೌದೆ ಒಟ್ಟಬಹುದು. ಚಿಕ್ಕಪ್ಪ ಏನೂ ಹೇಳುವುದಿಲ್ಲ. ಸಂಜೆ ಎಲೆಯಡಿಕೆ ಕವಳ ಹಾಕಿಕೊಂಡು ಹೋಗಿ ಒಂದು ಸಲ ಬಾನೆಟ್ ಎತ್ತಿ ನೋಡಿ, ಮತ್ತೆ ಇಳಿಸಿ ಬರುತ್ತಾರೆ. ಒಳಗೆ ಎಂಜಿನ್ ಇಲ್ಲ, ಬರೀ ಹೊಂಡ. ಆದರೂ ನೋಡುತ್ತಾರೆ.

ನಮ್ಮದು ಹೊಸನಗರ ತಾಲೂಕು, ನಿಟ್ಟೂರು ಕಡೆ. ಜೀಪು ಹಳೆಯ ಮಹೀಂದ್ರ ಸಿಜೆ 3ಬಿ, ಮುಂದಿನ ಬಾನೆಟ್ ಎತ್ತರಕ್ಕೆ ಪೆಟ್ಟಿಗೆ ಇಟ್ಟ ಹಾಗೆ ಇರುತ್ತದಲ್ಲ, ಅದು. ಆ ಎತ್ತರಕ್ಕೂ ಒಂದು ಎಂಜಿನ್ ಕಥೆಯೇ ಕಾರಣ. ಎರಡನೇ ಮಹಾಯುದ್ಧದ ಕಾಲದ ವಿಲ್ಲಿಸ್ ಜೀಪಿನಲ್ಲಿ ವಾಲ್ವುಗಳೆಲ್ಲ ಬ್ಲಾಕಿನೊಳಗೇ ಇದ್ದವು, ಎಂಜಿನ್ ಗಿಡ್ಡ. ಆಮೇಲೆ ಬಂದ ಹರಿಕೇನ್ ಎಂಜಿನ್ನಿನಲ್ಲಿ ಗಾಳಿ-ಪೆಟ್ರೋಲು ಒಳಗೆ ಬಿಡುವ ಇನ್‌ಟೇಕ್ ವಾಲ್ವನ್ನು ಬ್ಲಾಕಿನ ಮೇಲೆ ಕೂರುವ ಹೆಡ್ಡಿಗೆ ತಂದರು. ಎಂಜಿನ್ ಉದ್ದವಾಯಿತು, ಹಳೆ ಬಾನೆಟ್ಟಿನ ಕೆಳಗೆ ಹಿಡಿಸಲಿಲ್ಲ. ಬಾನೆಟ್ಟನ್ನೇ ಎತ್ತರಿಸಿದರು. ಅಂದರೆ ಈ ಜೀಪಿನ ಮುಖವೇ ಒಂದು ಎಂಜಿನ್ ಬದಲಾವಣೆಯಿಂದ ಹುಟ್ಟಿದ್ದು. ನನಗೆ ಇದು ಗೊತ್ತಾದ ದಿನ ಚಿಕ್ಕಪ್ಪನಿಗೆ ಓಡಿ ಹೋಗಿ ಹೇಳಿದೆ. "ಹೌದನಾ, ಅದ್ಕೇ ಮುಂದಿನ ಹೊಂಡ ಕಾಣ್ತಿರ್ಲಿಲ್ಲ" ಅಂದರು, ಅಷ್ಟೇ.

ನನ್ನ ಹುಚ್ಚು ಬೇರೆ. ಮನೆಯ ಹಿಂದಿನ ಧರೆ ಹತ್ತಿದರೆ ಮಾತ್ರ ನೆಟ್‌ವರ್ಕ್ ಸಿಗುತ್ತದೆ. ಅಲ್ಲಿ ಜಿಗಣೆ ಕಚ್ಚಿಸಿಕೊಂಡು ಕೂತು ನಾನು ನೋಡುವುದು ಹಾಟ್ ರಾಡ್ ವಿಡಿಯೊ. ಹಳೇ ಕಾರು ತಂದು, ಬೇಡದ್ದೆಲ್ಲ ಕಿತ್ತು ಹಗುರ ಮಾಡಿ, ಅದಕ್ಕೆ ಹುಟ್ಟಿನಲ್ಲಿ ಇಲ್ಲದ ಎಂಜಿನ್ ಕೂರಿಸುವ ಅಮೆರಿಕದ ಹವ್ಯಾಸ ಅದು. ಶುರುವಾದದ್ದು ದುಡ್ಡಿದ್ದವರಿಂದಲ್ಲ. 1932ರಲ್ಲಿ ಫೋರ್ಡ್ ಕಂಪನಿ ಸಾಮಾನ್ಯ ಜನ ಕೊಳ್ಳುವ ಬೆಲೆಗೆ ವಿ8 ಎಂಜಿನ್ನಿನ, ಅಂದರೆ ವಿ ಆಕಾರದಲ್ಲಿ ಎಂಟು ಸಿಲಿಂಡರ್ ಇರುವ ಎಂಜಿನ್ನಿನ, ಕಾರು ತಂದಿತು. 3.6 ಲೀಟರ್, 65 ಎಚ್‌ಪಿ. ಈಗ ಕೇಳಿದರೆ ಏನೂ ಅಲ್ಲ ಅನ್ನಿಸಬಹುದು, ಆದರೆ ಎಂಟು ಸಿಲಿಂಡರಿನ ಇಡೀ ಬ್ಲಾಕನ್ನು ಒಂದೇ ಎರಕದಲ್ಲಿ ಹೊಯ್ದು ಲಕ್ಷಗಟ್ಟಲೆ ಮಾಡುವುದು ಆಗ ತಮಾಷೆಯಾಗಿರಲಿಲ್ಲ. ಭದ್ರಾವತಿ ಕಡೆಯ ನೆಂಟರಿದ್ದರೆ ಕೇಳಿ, ಎರಕ ಅಂದರೇನು, ಒಳಗೆ ಗುಳ್ಳೆ ನಿಂತರೆ ಏನಾಗುತ್ತದೆ ಅಂತ ಅರ್ಧ ದಿನ ಹೇಳುತ್ತಾರೆ.

ಕೆಲವು ವರ್ಷ ಕಳೆದು ಅದೇ ಕಾರುಗಳು ಸೆಕೆಂಡ್ ಹ್ಯಾಂಡಿಗೆ ಬಂದವು. ಕ್ಯಾಲಿಫೋರ್ನಿಯಾದ ಹುಡುಗರು ಅದನ್ನು ತಗೊಂಡು, ಮಡ್‌ಗಾರ್ಡ್ ಕಿತ್ತೆಸೆದು, ಒಣಗಿದ ಕೆರೆಗಳ ಮೇಲೆ ಓಡಿಸತೊಡಗಿದರು. ಎಲ್ ಮಿರಾಜ್ ಅಂತ ಒಂದು ಜಾಗ, ಹಪ್ಪಳದ ಹಾಗೆ ಸಪಾಟು. 1937ರಲ್ಲಿ ಈ ಓಟದ ಕ್ಲಬ್ಬುಗಳೆಲ್ಲ ಸೇರಿ ಒಂದು ಸಂಘವನ್ನೇ ಕಟ್ಟಿಕೊಂಡವು. ನಮ್ಮಲ್ಲೂ ಇದೆ ಅಂಥ ಜಾಗ, ಅಲ್ವಾ? ಏಪ್ರಿಲ್-ಮೇ ತಿಂಗಳಲ್ಲಿ ಲಿಂಗನಮಕ್ಕಿ ಹಿನ್ನೀರು ಇಳಿದು, ಹಳೆಯ ಮಡೆನೂರು ಅಣೆಕಟ್ಟು ಮೇಲೆ ಎದ್ದಾಗ, ಸುತ್ತ ಕಣ್ಣು ಹರಿದಷ್ಟು ದೂರ ಬಯಲು. ಅಲ್ಲಿ ಜೀಪು ಬಿಟ್ಟುಕೊಂಡು ಹೋದ ಹುಡುಗರನ್ನು ನೋಡಿದ್ದೇನೆ. (ನಾನೂ ಹೋಗಿದ್ದೇನೆ. ಚಿಕ್ಕಪ್ಪ ಇದನ್ನು ಓದುವುದಿಲ್ಲ.)

ಯುದ್ಧ ಮುಗಿದ ಮೇಲೆ ಆ ಹುಡುಗರ ಹುಚ್ಚು ಇನ್ನೂ ಜಾಸ್ತಿಯಾಯಿತು. ವಿಮಾನದ ಹೊಟ್ಟೆಗೆ ನೇತುಹಾಕುವ ಇಂಧನದ ಟ್ಯಾಂಕು ಗುಜರಿ ಬೆಲೆಗೆ ಸಿಗುತ್ತಿತ್ತು. ಬಿಲ್ ಬರ್ಕ್ ಅನ್ನುವವನು 1946ರಲ್ಲಿ ಅಂಥದ್ದೊಂದು ಟ್ಯಾಂಕು ತಂದು, ಅದಕ್ಕೆ ಫೋರ್ಡ್ ಎಂಜಿನ್, ನಾಲ್ಕು ಚಕ್ರ ಸೇರಿಸಿ ಕಾರು ಮಾಡಿಬಿಟ್ಟ. ಗಾಳಿ ಸೀಳುವ ಆಕಾರ ಪುಕ್ಕಟೆ ಸಿಕ್ಕಿತಲ್ಲ! ನನ್ನ ಮಟ್ಟಿಗೆ ಹಾಟ್ ರಾಡ್ ಅಂದರೆ ಇದು. ಹೊಳೆಯುವ ಪೇಂಟು, ಕ್ರೋಮಿಯಂ ಪೈಪು ಎಲ್ಲ ಆಮೇಲಿನ ಸಡಗರ. ಮೂಲ ಏನು ಅಂದರೆ, ಊರಲ್ಲಿ ಏನು ಧಾರಾಳ ಬಿದ್ದಿದೆಯೋ ಅದನ್ನು ಬಾನೆಟ್ಟಿನೊಳಗೆ ತುಂಬುವುದು.

ಅದಕ್ಕೇ ಇವತ್ತಿನ ಅರ್ಧ ವಿಡಿಯೊ ನನಗೆ ಬೇಸರ. 1955ರಲ್ಲಿ ಶೆವರ್ಲೆ ಸಣ್ಣ ವಿ8 ಬಂದ ಮೇಲೆ ಎಲ್ಲರೂ ಅದನ್ನೇ ಹಾಕಿದರು. 1997ರ ನಂತರ ಅದೇ ಕಂಪನಿಯ ಎಲ್‌ಎಸ್ ಎಂಜಿನ್. ಒಳ್ಳೆಯ ಎಂಜಿನ್, ಹಗುರ, ಬೇಕಾದಷ್ಟು ಪವರ್, ಎಲ್ಲ ಹೌದು. ಆದರೆ ಜಪಾನಿನ ಕಾರಿಗೂ ಅದೇ, ಜರ್ಮನ್ ಕಾರಿಗೂ ಅದೇ, ಟ್ರಕ್ಕಿಗೂ ಅದೇ. ಯಾರ ಮನೆ ಮದುವೆಗೆ ಹೋದರೂ ಅದೇ ಕೇಸರಿಬಾತು.

ನನಗೆ ಹಿಡಿಸುವುದು ಯಾರೂ ಹಾಕಬಾರದ ಎಂಜಿನ್ ಹಾಕಿದವರು. 1939ರ ಪ್ಲಿಮತ್ ಪಿಕಪ್ ಒಂದಿದೆ, ಅದರ ಮೂತಿಯಲ್ಲಿ ವಿಮಾನದ ರೇಡಿಯಲ್ ಎಂಜಿನ್. ಜೇಕಬ್ಸ್ ಕಂಪನಿಯದು, ಏಳು ಸಿಲಿಂಡರ್, 12 ಲೀಟರಿಗಿಂತ ಜಾಸ್ತಿ. ದಾಸವಾಳದ ಎಸಳಿನ ಹಾಗೆ ಸುತ್ತಲೂ ಸಿಲಿಂಡರು ಹರಡಿಕೊಂಡಿರುತ್ತವೆ. ಈ ಜಾತಿಯ ಎಂಜಿನ್ನಿನಲ್ಲಿ ಒಂದು ಚಂದದ ಲೆಕ್ಕ ಇದೆ. ಒಂದು ಸಾಲಿನಲ್ಲಿ ಸಿಲಿಂಡರ್ ಸಾಮಾನ್ಯವಾಗಿ ಬೆಸ ಸಂಖ್ಯೆ, ಹೆಚ್ಚಾಗಿ ಐದು, ಏಳು ಅಥವಾ ಒಂಬತ್ತು. ಯಾಕೆಂದರೆ ಒಂದು ಬಿಟ್ಟು ಒಂದು ಉರಿಯುತ್ತಾ ಹೋಗುತ್ತದೆ. ಏಳು ಜನ ದುಂಡಗೆ ಊಟಕ್ಕೆ ಕೂತಿದ್ದಾರೆ, ಬಡಿಸುವವನು ಒಂದು ಎಲೆ ಬಿಟ್ಟು ಒಂದು ಎಲೆಗೆ ಹಾಕುತ್ತಾ ಸುತ್ತು ಹೊಡೆಯುತ್ತಾನೆ ಅಂದುಕೊಳ್ಳಿ. 1, 3, 5, 7 ಆಯಿತು, ಮುಂದಿನದು ತಾನಾಗಿ 2, 4, 6. ಎರಡು ಸುತ್ತಿಗೆ ಎಲ್ಲರಿಗೂ ಒಂದೊಂದು ಸಲ ಬಂತು. ಎಂಟು ಜನ ಕೂತಿದ್ದರೆ ಅರ್ಧ ಜನ ಉಪವಾಸ.

ಇನ್ನೊಂದು ಇಂಗ್ಲೆಂಡಿನ 'ದಿ ಬೀಸ್ಟ್'. ಯುದ್ಧವಿಮಾನಗಳಿಗೆ ಹಾಕುತ್ತಿದ್ದ 27 ಲೀಟರಿನ ಮರ್ಲಿನ್ ಎಂಜಿನ್ ಇದ್ದ ಈ ಕಾರನ್ನು ಜಾನ್ ಡಾಡ್ ಅನ್ನುವ ಗೇರ್‌ಬಾಕ್ಸ್ ಮೆಕ್ಯಾನಿಕ್ ರಸ್ತೆಯಲ್ಲಿ ಓಡಿಸಿದ. ಎಂಜಿನ್ ರೋಲ್ಸ್ ರಾಯ್ಸಿನದು ತಾನೇ ಅಂತ ಮುಂದಕ್ಕೆ ಅವರದೇ ಗ್ರಿಲ್ ಬೇರೆ ಹಾಕಿದ. ಕಂಪನಿ ಕೋರ್ಟಿಗೆ ಎಳೆಯಿತು. ಇನ್ನು ಅಮೆರಿಕದ ಟಿವಿ ನಿರೂಪಕ ಜೇ ಲೆನೊ ಹತ್ತಿರ ಇರುವುದಂತೂ ಸೈನ್ಯದ ಪ್ಯಾಟನ್ ಟ್ಯಾಂಕಿನ ಎಂಜಿನ್ ಹಾಕಿದ ಕಾರು, 29 ಲೀಟರ್, ಹನ್ನೆರಡು ಸಿಲಿಂಡರ್. 1965ರ ಯುದ್ಧದಲ್ಲಿ ಪಂಜಾಬಿನ ಅಸಲ್ ಉತ್ತರ್ ಅನ್ನುವ ಹಳ್ಳಿಯ ಕಬ್ಬಿನ ಗದ್ದೆಯ ಕೆಸರಿನಲ್ಲಿ ಹೂತುಹೋಗಿ ನಮ್ಮವರ ಕೈಗೆ ಸಿಕ್ಕ ಪಾಕಿಸ್ತಾನದ ಪ್ಯಾಟನ್‌ಗಳ ಬಗ್ಗೆ ಕೇಳಿದ್ದೀರಲ್ಲ, ಅದೇ ಕುಲ. ಇದನ್ನು ಚಿಕ್ಕಪ್ಪನಿಗೆ ತೋರಿಸಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಕೆಸರಲ್ಲಿ ಹೋಗ್ತದಾ?"

ಸರಿ, ನಮ್ಮ ಜೀಪಿಗೆ ಬರೋಣ.

ಮೊದಲನೇ ಎಂಜಿನ್ ಹುಟ್ಟಿನದು, 2.2 ಲೀಟರಿನ ಪೆಟ್ರೋಲು. ಚಡಾವು ಹತ್ತುತ್ತಿತ್ತು, ಶಬ್ದ ಚಂದ ಇತ್ತು, ಆದರೆ ಪೆಟ್ರೋಲ್ ಕುಡಿಯುವುದರಲ್ಲಿ ಎತ್ತಿದ ಕೈ. ಅಡಿಕೆಗೆ ರೇಟಿಲ್ಲದ ಒಂದು ವರ್ಷ ಚಿಕ್ಕಪ್ಪ ಅದನ್ನು ಇಳಿಸಿ, ಗುಜರಿಯಿಂದ ಹಳೇ ಟ್ರ್ಯಾಕ್ಟರಿನ ಡೀಸೆಲ್ ಎಂಜಿನ್ ತಂದು ಹಾಕಿಸಿದರು. ಆಗ ಮಲೆನಾಡಿನಲ್ಲಿ ಅರ್ಧ ಜೀಪುಗಳು ಹೀಗೇ ಅಲ್ವಾ, ಬಾನೆಟ್ ಎತ್ತಿದರೆ ಒಳಗೆ ಯಾವ ಊರಿನ ಯಾವ ಗಾಡಿಯ ಎಂಜಿನ್ ಅಂತ ಹಾಕಿಸಿದವನಿಗೂ ನೆನಪಿರುತ್ತಿರಲಿಲ್ಲ.

ಎಂಜಿನ್ ಬದಲಿಸುವುದು ಅಂದರೆ ಇಳಿಸಿ ಏರಿಸುವುದು ಅಂದುಕೊಂಡವರಿಗೆ ಒಂದು ಮಾತು. ಕಷ್ಟ ಇರುವುದು ಎಂಜಿನ್ನಿನಲ್ಲಲ್ಲ, ಅದಕ್ಕೂ ಗೇರ್‌ಬಾಕ್ಸಿಗೂ ನಡುವಿನ ಒಂದು ಪ್ಲೇಟಿನಲ್ಲಿ. ಎರಡರ ಬೋಲ್ಟಿನ ತೂತುಗಳು ಒಂದಕ್ಕೊಂದು ಕೂರುವುದಿಲ್ಲ. ಹಾಗಾಗಿ ದಪ್ಪ ಕಬ್ಬಿಣದ ಪ್ಲೇಟು ಕೊಯ್ದು, ಒಂದು ಕಡೆ ಎಂಜಿನ್ನಿನ ತೂತು, ಇನ್ನೊಂದು ಕಡೆ ಗೇರ್‌ಬಾಕ್ಸಿನ ತೂತು ಮಾಡಿಸಬೇಕು. ಎಂಜಿನ್ನಿನೊಳಗೆ ತಿರುಗುವ ಕ್ರ್ಯಾಂಕಿನ ನಡುಗೆರೆ ಮತ್ತು ಗೇರ್‌ಬಾಕ್ಸ್ ಶಾಫ್ಟಿನ ನಡುಗೆರೆ ಒಂದೇ ಆಗಬೇಕು. ಎಷ್ಟು ಒಂದೇ ಅಂದರೆ, ಡಯಲ್ ಗೇಜ್ ಇಟ್ಟು ತಿರುಗಿಸಿದಾಗ ಮುಳ್ಳು ಒಟ್ಟು 0.13 ಮಿಲಿಮೀಟರಿಗಿಂತ ಹೆಚ್ಚು ಓಡಾಡಬಾರದು. ಎರಡು ಕೂದಲಿನ ದಪ್ಪ.

ನಮ್ಮ ಪ್ಲೇಟು ಮಾಡಿಕೊಟ್ಟ ಲೇತ್ ಅಂಗಡಿಯವರು ಯಾರು, ಎಲ್ಲಿಯವರು ಅಂತ ಹೇಳುವುದಿಲ್ಲ. ಡಯಲ್ ಇಡಲಿಲ್ಲ, ಕಣ್ಣಳತೆಯಲ್ಲಿ ಮಾಡಿ "ಕೂತಿದೆ ತಗಳಿ" ಅಂದರು. ಕೂತಿತ್ತು, ಹೌದು. ತಿರುಗುವಾಗ ಕೂತಿರಲಿಲ್ಲ. ಗಾಡಿ ನಿಂತಲ್ಲೇ ಜ್ವರ ಬಂದವರ ಹಾಗೆ ನಡುಗುತ್ತಿತ್ತು, ಎರಡನೇ ಗೇರಿನಲ್ಲಿ ಕೈ ಇಟ್ಟರೆ ಭುಜದವರೆಗೆ ಜುಮ್ ಅನ್ನುತ್ತಿತ್ತು. ಒಂದು ಮಳೆಗಾಲ ಮುಗಿಯುವುದರೊಳಗೆ ಗೇರ್‌ಬಾಕ್ಸಿನ ಬೇರಿಂಗು ಪುಡಿ. ಕೊಡಚಾದ್ರಿ ದಾರಿಯಲ್ಲಿ ಇನ್ನೊಂದು ಕಥೆ. ಟ್ರ್ಯಾಕ್ಟರ್ ಎಂಜಿನ್ನಿನ ಆಯಿಲ್ ಚೇಂಬರು ಕೆಳಗೆ ಜಾಸ್ತಿ ಇಳಿದಿತ್ತು, ಮುಂದಿನ ಚಕ್ರಗಳ ಆಕ್ಸಲ್ ಹೌಸಿಂಗಿಗೂ ಅದಕ್ಕೂ ನಡುವೆ ಎರಡು ಬೆರಳು ಜಾಗ. ಕಲ್ಲಿನ ಮೇಲೆ ಒಂದು ಸಲ ಜೋರಾಗಿ ಇಳಿಯಿತು ನೋಡಿ, ಹೌಸಿಂಗು ಮೇಲೆ ಬಂದು ಚೇಂಬರಿಗೆ ಗುದ್ದಿ, ಆಯಿಲೆಲ್ಲ ದಾರಿಗೆ. ಘಟ್ಟದ ಮಧ್ಯ, ಸೋನೆ ಮಳೆ, ಜೀಪಿನಲ್ಲಿ ಬೆಂಗಳೂರಿನಿಂದ ಬಂದ ಭಾವನ ಮನೆಯವರು. ಎಂಥ ಸಾವು ಮಾರಾಯ್ರೆ ಅಂದರೆ, ಆ ಮನೆಯವರು ಈಗಲೂ ನಮ್ಮಲ್ಲಿಗೆ ಬಸ್ಸಿನಲ್ಲೇ ಬರುತ್ತಾರೆ.

ಅದೆಲ್ಲ ಸರಿ ಮಾಡಿಸಿದರೂ ಸ್ಪೀಡ್ ಬರಲಿಲ್ಲ. ಇದು ಲೆಕ್ಕ. ಆ ಜೀಪಿನ ಹಿಂದಿನ ಕ್ರೌನಿನಲ್ಲಿ, ಅಂದರೆ ಹಿಂದಿನ ಚಕ್ರ ತಿರುಗಿಸುವ ದೊಡ್ಡ ಗೇರಿನಲ್ಲಿ, ಶಾಫ್ಟು 5.38 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. ಟೈರು ಒಂದು ಸುತ್ತಿಗೆ ಎರಡೂಕಾಲು ಮೀಟರ್ ಚಿಲ್ಲರೆ ಹೋಗುತ್ತದೆ. ಟ್ರ್ಯಾಕ್ಟರ್ ಎಂಜಿನ್ ಎರಡು ಸಾವಿರ ಆರ್‌ಪಿಎಮ್ಮಿಗೆ ಮೇಲೆ ಹೋಗಲು ಇಷ್ಟಪಡುವುದಿಲ್ಲ. ಗುಣಿಸಿ ನೋಡಿ, ಗಂಟೆಗೆ 50 ಕಿಲೋಮೀಟರ್. ಅಲ್ಲಿಗೆ ಮುಗಿಯಿತು. ಶಿವಮೊಗ್ಗಕ್ಕೆ ಹೋಗಿಬಂದರೆ ಒಂದು ದಿನ ಢಮಾರ್.

ಮೂರನೆಯದು ಟೆಂಪೊ ಟ್ರ್ಯಾಕ್ಸಿನ ಎಂಜಿನ್. ಇದು ಬಂದ ಮೇಲೆ ಚಿಕ್ಕಪ್ಪನ ನಡಿಗೆಯೇ ಬದಲಾಯಿತು. ಯಾಕೆಂದರೆ ಆ ಎಂಜಿನ್ ಮೂಲದಲ್ಲಿ ಮರ್ಸಿಡಿಸ್ ಬೆಂಜಿನದು, 1973ರಲ್ಲಿ ಅವರ 240ಡಿ ಕಾರಿಗೆ ಬಂದ 2.4 ಲೀಟರಿನ ಡೀಸೆಲ್, ಪ್ರಪಂಚದಾದ್ಯಂತ ಟ್ಯಾಕ್ಸಿಗಳಲ್ಲಿ ಓಡಿದ್ದು. "ನಮ್ದು ಬೆಂಜ್" ಅಂತ ಸೊಸೈಟಿ ಕಟ್ಟೆಯ ಮೇಲೆ ಎಷ್ಟು ಸಲ ಹೇಳಿದರೋ. ಸುಳ್ಳೇನಲ್ಲ! ಚಳಿಗಾಲದ ಬೆಳಿಗ್ಗೆ ಹೀಟರ್ ಪ್ಲಗ್ ಕಾಯಲಿ ಅಂತ ಕೀ ತಿರುಗಿಸಿ ಕಾಯಬೇಕಿತ್ತು, ಆ ಹೊತ್ತಿಗೆ ಅವರು ಒಂದು ಕವಳ ಮುಗಿಸುತ್ತಿದ್ದರು. ಈ ಸಲ ಪ್ಲೇಟು ಮಾಡಿದ್ದು ನಮ್ಮ ಮೇಸ್ತ್ರಿ, ಡಯಲ್ ಇಟ್ಟು, ಮೂರು ದಿನ ತಗೊಂಡು. ಬಹಳ ವರ್ಷ ತೊಂದರೆ ಕೊಡಲಿಲ್ಲ. ಕೊನೆಗೆ ಕೆಟ್ಟದ್ದು ಚಿಕ್ಕಪ್ಪನದೇ ತಪ್ಪಿನಿಂದ. ರೇಡಿಯೇಟರ್ ಹೋಸ್ ಒಡೆದದ್ದು ಗೊತ್ತಾಗಿಯೂ "ಇನ್ನೊಂದೇ ಚಡಾವು" ಅಂತ ಓಡಿಸಿದರು. ಹೆಡ್ ಬಿರುಕು, ಪಿಸ್ಟನ್ ಜಾಮ್.

ಹಾಗಾಗಿ ಈಗ ಆ ಖಾಲಿ ಹೊಂಡ. ಮತ್ತು ನನ್ನ ಕನಸು.

ಮೊದಲು ನನ್ನ ತಲೆಯಲ್ಲಿ ಬಂದದ್ದು ಸುಜುಕಿ ಎಂಜಿನ್, ಎಸ್ಟೀಮ್, ಜಿಪ್ಸಿಗಳಲ್ಲಿ ಬರುತ್ತಿದ್ದ 1.3 ಲೀಟರಿನದು. ಹುಡುಗರು ಅದನ್ನು ಮಾರುತಿ 800ಕ್ಕೆ ಹಾಕಿ ಹಾರಿಸುತ್ತಾರೆ. ಆದರೆ ಅದು ಕಿರುಚಿದಾಗ ಮಾತ್ರ ಎಳೆಯುವ ಎಂಜಿನ್. ತೋಟದಿಂದ ಅಡಿಕೆ ಕೊನೆ ತುಂಬಿಕೊಂಡು ಕೆಸರಿನಲ್ಲಿ ಮೇಲೆ ಬರುವಾಗ ಕಿರುಚಾಟ ಕೆಲಸಕ್ಕೆ ಬರುವುದಿಲ್ಲ. ಟಿಲ್ಲರ್ ಎಂಜಿನ್ ಹಾಕೋಣ ಅಂತಲೂ ಯೋಚಿಸಿದೆ, ನಗಬೇಡಿ. ಒಂದೇ ಸಿಲಿಂಡರ್, 13 ಎಚ್‌ಪಿ. ಡೀಸೆಲ್ ಬುಲೆಟ್ಟನ್ನು ಕಂಪನಿಯೇ ಮಾಡಿ ಮಾರಿದ ದೇಶ ನಮ್ಮದು, 325 ಸಿಸಿ, ಆರೂವರೆ ಎಚ್‌ಪಿ, ಅದಕ್ಕೂ ಗಿರಾಕಿ ಇದ್ದರು. ಆದರೆ ಎಂಜಿನ್ ಯಾವ ದಿಕ್ಕಿಗೆ ತಿರುಗುತ್ತದೆ ಅಂತ ಮೊದಲು ನೋಡಿಕೊಳ್ಳಬೇಕು. ಅಮೆರಿಕದಲ್ಲಿ ಶೆವರ್ಲೆ ಕಾರ್ವೇರ್ ಎಂಜಿನ್ ಎಲ್ಲರಿಗಿಂತ ಉಲ್ಟಾ ತಿರುಗುತ್ತಿತ್ತು. ಅದನ್ನು ಹಾಗೇ ತಂದು ಫೋಕ್ಸ್‌ವ್ಯಾಗನ್ ಬೀಟಲ್‌ಗೆ ಹಾಕಿದರೆ ಮುಂದಕ್ಕೆ ಒಂದು ಗೇರು, ಹಿಂದಕ್ಕೆ ನಾಲ್ಕು! ಅದಕ್ಕೇ ಒಳಗಿನ ಕ್ರೌನನ್ನು ಮಗುಚಿ ಹಾಕುತ್ತಿದ್ದರು.

ಆಮೇಲೆ ಒಂದು ದಿನ ಲೆಕ್ಕ ಹಾಕುತ್ತಾ ಕೂತಾಗ ತಲೆ ಬೇರೆ ಕಡೆ ಹೋಯಿತು. ತುಂಬಿದ ಜೀಪು 1,800 ಕೆಜಿ ಇಟ್ಟುಕೊಳ್ಳಿ. ನೂರಡಿಗೆ ಇಪ್ಪತ್ತಡಿ ಏರುವ ಚಡಾವು, ಗಂಟೆಗೆ 10 ಕಿಲೋಮೀಟರ್ ವೇಗ. ಏರುವುದಕ್ಕೆ ಬೇಕಾಗುವುದು ಸುಮಾರು 10 ಕಿಲೋವಾಟ್, ಅಂದರೆ 13 ಎಚ್‌ಪಿ. ಟಿಲ್ಲರಿನಷ್ಟೇ! ಕೆಸರು, ಗೇರಿನ ನಷ್ಟ ಎಲ್ಲ ಸೇರಿಸಿ ಒಂದೂವರೆ ಪಟ್ಟು ಮಾಡಿ. 20 ಕಿಲೋವಾಟಿನ ಕರೆಂಟ್ ಮೋಟರ್ ಸಾಕು. ಅದು ಸೊನ್ನೆ ಆರ್‌ಪಿಎಮ್ಮಿನಿಂದಲೇ ಪೂರ್ತಿ ಬಲದಲ್ಲಿ ಎಳೆಯುತ್ತದೆ, ಚಡಾವಿನಲ್ಲಿ ಕ್ಲಚ್ ಸುಡುವ ವಾಸನೆ ಇಲ್ಲ.

ಕರೆಂಟಾ, ನಮ್ಮೂರಲ್ಲಾ, ಅಂತ ನೀವು ನಗುತ್ತೀರಿ. ಗಾಳಿ ಬಂದರೆ ಹೋಗುತ್ತದೆ, ಮರ ಬಿದ್ದರೆ ಮೂರು ದಿನ ಇಲ್ಲ. ಆದರೆ ಮಲೆನಾಡಿನ ಎಷ್ಟೋ ಒಂಟಿ ಮನೆಗಳಲ್ಲಿ ಹಳ್ಳದ ನೀರಿಗೆ ಪೈಪು ಹಾಕಿ, ಸಣ್ಣ ಟರ್ಬೈನ್ ಕೂರಿಸಿ ದೀಪ ಉರಿಸುವುದು ಹೊಸದಲ್ಲ. ನಮ್ಮ ತೋಟದ ಮೇಲಿನ ಹಳ್ಳಕ್ಕೆ ಹೋಗಿ, ಒಡ್ಡಿಗೆ ಪೈಪು ಕೊಟ್ಟು, 20 ಲೀಟರಿನ ಕ್ಯಾನು ಹಿಡಿದೆ. ನಾಲ್ಕು ಸೆಕೆಂಡಿಗೆ ತುಂಬಿತು. ಅಂದರೆ ಸೆಕೆಂಡಿಗೆ 5 ಲೀಟರ್. ಗಾರೆ ಕೆಲಸದವರ ಲೆವೆಲ್ ಪೈಪಿನಲ್ಲಿ ಇಳಿಜಾರು ಅಳೆದೆ, 20 ಮೀಟರ್. ಗುಣಿಸಿದರೆ ನೀರಿನ ಬಲ 980 ವಾಟ್, ಸಣ್ಣ ಟರ್ಬೈನಿನಲ್ಲಿ ಅರ್ಧ ಹೋಯಿತು ಅಂದುಕೊಂಡರೂ 490. ಹಗಲು ರಾತ್ರಿ ಓಡಿದರೆ ದಿನಕ್ಕೆ 12 ಯೂನಿಟ್ ಹತ್ತಿರ. ಜೀಪು ಕಿಲೋಮೀಟರಿಗೆ ಕಾಲು ಯೂನಿಟ್ ತಿಂದರೂ ದಿನಕ್ಕೆ 45 ಕಿಲೋಮೀಟರ್ ಚಿಲ್ಲರೆ. ನಮ್ಮ ಮನೆಯಿಂದ ಪೇಟೆಗೆ ಹೋಗಿಬಂದು ಇನ್ನೂ ಉಳಿಯುತ್ತದೆ.

ಬ್ಯಾಟರಿ ದೊಡ್ಡ ಖರ್ಚು, ಒಪ್ಪಿದೆ. ಈಗ ಸೋಲಾರ್‌ಗೆ ಬಳಸುವ 280 ಆಂಪಿಯರ್-ಅವರಿನ ಲಿಥಿಯಂ ಐರನ್ ಫಾಸ್ಫೇಟ್ ಸೆಲ್ ಒಂದೊಂದು ಐದೂವರೆ ಕೆಜಿ ಬರುತ್ತದೆ. ಮೂವತ್ತು ಜೋಡಿಸಿದರೆ 96 ವೋಲ್ಟ್, ಸುಮಾರು 27 ಯೂನಿಟ್, 160 ಕೆಜಿ ಚಿಲ್ಲರೆ. ಬೆಂಜ್ ಎಂಜಿನ್ ಇಳಿಸಿದ ಜಾಗದಲ್ಲಿ ಮೋಟರೂ ಬ್ಯಾಟರಿಯ ಒಂದು ಭಾಗವೂ ಕೂರುತ್ತದೆ.

ಹಾಟ್ ರಾಡ್ ಮಂದಿ ಇದನ್ನು ಕೇಳಿದರೆ ಮುಖ ಸಿಂಡರಿಸುತ್ತಾರೆ, ಗೊತ್ತು. ಅಂಥವರಿಗೆ 'ವೈಟ್ ಜಾಂಬಿ' ತೋರಿಸಬೇಕು. 1972ರ ಪುಟ್ಟ ಡಾಟ್ಸನ್ 1200, ಜಾನ್ ವೇಲ್ಯಾಂಡ್ ಅನ್ನುವವನು ಅದಕ್ಕೆ ಕರೆಂಟ್ ಮೋಟರ್ ಹಾಕಿ, ಕಾಲು ಮೈಲಿಯನ್ನು 10 ಸೆಕೆಂಡ್ ಚಿಲ್ಲರೆಯಲ್ಲಿ ಮುಗಿಸಿದ, ಪಕ್ಕದಲ್ಲಿ ವಿ8ಗಳು ಹೊಗೆ ಬಿಡುತ್ತಾ ನೋಡುತ್ತಿದ್ದವು. ಮತ್ತೆ, ಕ್ಯಾಲಿಫೋರ್ನಿಯಾದಲ್ಲಿ ಹಳೇ ಫೋರ್ಡು ಬಿದ್ದಿತ್ತು, ವಿಮಾನದ ಟ್ಯಾಂಕು ಬಿದ್ದಿತ್ತು, ಹಾಕಿದರು. ನಮ್ಮಲ್ಲಿ ಧಾರಾಳ ಬೀಳುವುದು ಮಳೆ. ಶರಾವತಿಯಿಂದ 1,035 ಮೆಗಾವಾಟ್ ತೆಗೆಯುವ ಜಿಲ್ಲೆಯವರು ನಾವು, ನನಗೆ ಬೇಕಾದ್ದು ಅರ್ಧ ಕಿಲೋವಾಟ್. ಬೇಸಿಗೆಯಲ್ಲಿ ಹಳ್ಳ ಬತ್ತುತ್ತದೆ, ಹೌದು. ಆಗ ಬಿಸಿಲು ಇರುತ್ತದೆ, ಸೋಲಾರ್ ಹಾಕಿದರಾಯಿತು.

ಒಂದೇ ತಲೆನೋವು ಕಾನೂನು. 1988ರ ಮೋಟರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿ ಇರುವುದಕ್ಕೂ ಗಾಡಿಯಲ್ಲಿ ಇರುವುದಕ್ಕೂ ತಾಳೆಯಾಗಬೇಕು, ಸುಮ್ನೆ ಎಂಜಿನ್ ಬದಲಿಸಿ ರಸ್ತೆಗೆ ಇಳಿಯುವ ಹಾಗಿಲ್ಲ. ಕರೆಂಟಿಗೆ ಬದಲಿಸುವುದಾದರೆ ಅನುಮೋದನೆ ಸಿಕ್ಕ ಕಿಟ್ಟನ್ನೇ ಹಾಕಿಸಬೇಕು, ಮನೆಯಲ್ಲಿ ಜೋಡಿಸಿದ್ದು ನಡೆಯುವುದಿಲ್ಲ. ಹಾಗಾಗಿ ನನ್ನ ಜೀಪು ಸದ್ಯಕ್ಕೆ ಪೇಟೆ ನೋಡುವುದಿಲ್ಲ, ತೋಟದಿಂದ ಅಂಗಳಕ್ಕೆ, ಅಂಗಳದಿಂದ ತೋಟಕ್ಕೆ. ಹಿಂದೆ ಆದ ಬದಲಾವಣೆಗಳು ಆರ್‌ಸಿಯಲ್ಲಿ ಹೇಗೆ ಬರೆದಿವೆ ಅಂತ ಕೇಳಬೇಡಿ, ನಾನೂ ಚಿಕ್ಕಪ್ಪನನ್ನು ಕೇಳಿಲ್ಲ.

ಮೊನ್ನೆ ರಾತ್ರಿ ಊಟ ಆದ ಮೇಲೆ ಎಲ್ಲ ಲೆಕ್ಕ ಅವರ ಮುಂದೆ ಇಟ್ಟೆ. ಪೂರ್ತಿ ಕೇಳಿದರು.

"ಶಬ್ದ ಇರ್ತದಾ?"

"ಇಲ್ಲ ಚಿಕ್ಕಪ್ಪ. ಸುಂಯ್ ಅಂತ ಅಷ್ಟೇ."

"ಮತ್ತೆ ನಾ ಗೇಟಿನ ಉಣಗೋಲು ದಾಟಿದ್ದು ನಿನ್ ಚಿಕ್ಕಮ್ಮಂಗೆ ಹ್ಯಾಗೆ ಗೊತ್ತಾಗ್ತದೆ? ಕಾಫಿಗೆ ನೀರಿಡೋದು ಯಾರು?"

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರು ಎದ್ದು ಮಲಗಲು ಹೋದರು. ಮುಗಿಯಿತು ಅಂದುಕೊಂಡೆ.

ಬೆಳಿಗ್ಗೆ ಎದ್ದು ನೋಡಿದರೆ ಕೊಟ್ಟಿಗೆಯಲ್ಲಿ ಉಜ್ಜುವ ಶಬ್ದ. ಚಿಕ್ಕಪ್ಪ ಅಟ್ಟದಿಂದ ಎರಡೂ ಹಳೇ ಪ್ಲೇಟು ಇಳಿಸಿಕೊಂಡು, ಸೀಮೆಎಣ್ಣೆ ಬಟ್ಟೆಯಲ್ಲಿ ತುಕ್ಕು ತೆಗೆಯುತ್ತಾ ಕೂತಿದ್ದರು. ಕಣ್ಣಳತೆಯದ್ದನ್ನು ಪಕ್ಕಕ್ಕೆ ಎಸೆದು, ಮೇಸ್ತ್ರಿ ಮಾಡಿದ್ದನ್ನು ನನ್ನ ಕಡೆ ನೂಕಿದರು.

"ಇದ್ರ ತೂತು ನಿನ್ ಮೋಟರಿಗೆ ಕೂರ್ತದಾ ನೋಡು. ಡಯಲ್ ಇಟ್ಟು ನೋಡು ಮತ್ತೆ."